ಬರೆ ಜರಿದ ಮೇಲೆ ಬರೆದದ್ದು

ಇಪ್ಪತ್ತಾರು ವರ್ಷ ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಿದೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದೆ. ಹೂಜಿಯ ಎರಡು ಬದಿ ಸಮವಾಗಿರಬೇಕು, ನೆರಳು ಒಂದೇ ಕಡೆ ಬೀಳಬೇಕು, ಬಣ್ಣ ಗೆರೆ ದಾಟಬಾರದು ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ: ಈ ಚಿತ್ರವನ್ನು ಕೊಡಗಿನ ಮಕ್ಕಳು ಯಾರೂ ಕಲಿಸದೆಯೇ ಬರೆಯುತ್ತಾರೆ. 2018ರ ಆಗಸ್ಟ್ ಕಳೆದ ಮೇಲೆ ಕಪ್ಪುಹಲಗೆಯ ಮೇಲೆ ಆ ಗುಡ್ಡದ ಗೆರೆ ಎಳೆಯುವುದು ನನ್ನಿಂದ ಆಗಲಿಲ್ಲ. ಸೀಮೆಸುಣ್ಣ ಹಲಗೆಗೆ ಮುಟ್ಟಿಸಿದರೆ ಕೈ ಅಲ್ಲೇ ನಿಲ್ಲುತ್ತಿತ್ತು.

ನನ್ನ ತವರು ಮಕ್ಕಂದೂರಿನ ಕಡೆ. ಆ ತಿಂಗಳ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಸುತ್ತಲಿನ ಗುಡ್ಡಗಳು ಹೇಗೆ ಇಳಿದು ಬಂದವು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಡಿದಾದ ಓರೆಯನ್ನು ನಾವು ಬರೆ ಎನ್ನುತ್ತೇವೆ. ನಮ್ಮ ಮನೆಯ ಹಿಂದಿನ ಬರೆ ಜರಿದು ತೋಟವನ್ನು ಎಳೆದುಕೊಂಡು ಹೋಗಿ ಗದ್ದೆಯ ಮೇಲೆ ಕೂತಿತು. ಮನೆಯವರೆಲ್ಲ ಜೀವ ಉಳಿಸಿಕೊಂಡರು. ಆದರೆ ಅಪ್ಪ ಬದುಕಿ ಉಳಿದವರಂತೆ ಇರಲಿಲ್ಲ. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಸಾಕು, ನೆರಳಿನ ಮರಕ್ಕೆ ಒಂದು ತಲೆಮಾರು ಬೇಕು. ಅವರಿಗೆ ಆಗ ಎಪ್ಪತ್ತೆಂಟು. ಮಡಿಕೇರಿಯ ಬಾಡಿಗೆ ಮನೆಯಲ್ಲಿ, ಮುಂದಿನ ಕಾಫಿ ಹೂ ಅರಳುವ ಹೊತ್ತಿಗೆ ತೀರಿಕೊಂಡರು.

ಅಪ್ಪನ ಮಳೆ ಪುಸ್ತಕ ನನ್ನ ಬಳಿ ಉಳಿಯಿತು. ತೋಟದವರ ಮನೆಗಳಲ್ಲಿ ಇದು ಇರುತ್ತದೆ: ಅಂಗಳದಲ್ಲಿ ಮಳೆ ಮಾಪಕ, ಬೆಳಿಗ್ಗೆ ಎಂಟಕ್ಕೆ ಅಳತೆ, ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಒಂದು ಸಾಲು ಬರಹ. ಅವರ ಕೊನೆಯ ಸಾಲು ಆಗಸ್ಟ್ 15ರದು. ಮುಂದಿನ ಪುಟಗಳೆಲ್ಲ ಖಾಲಿ. ಆ ಖಾಲಿ ಪುಟಗಳನ್ನು ನೋಡಲಾರದೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ತಳಕ್ಕೆ ಇಟ್ಟೆ. ಮಳೆಯ ಸದ್ದಿಗೆ ಎದ್ದು ಕೂರುವುದು, ಯಾರಾದರೂ ‘ಅಪ್ಪ ಹೇಗೆ ಹೋದರು’ ಎಂದರೆ ಗಂಟಲು ಕಟ್ಟುವುದು ಸುಮಾರು ಎರಡು ವರ್ಷ ನಡೆಯಿತು. ವೈದ್ಯರಿಗೆ ತೋರಿಸಿದೆ, ಒಂದು ವರ್ಷ ಮಾತ್ರೆ ತೆಗೆದುಕೊಂಡೆ. ನಿದ್ದೆ ಮರಳಿತು. ಆದರೆ ಅಳು ಮರಳಲಿಲ್ಲ. ಅದು ಎದೆಯಲ್ಲಿ ಕಲ್ಲಿನ ಹಾಗೆ ಕೂತೇ ಇತ್ತು.

ಬಣ್ಣ ಬಂದದ್ದು ಕಕ್ಕಡದಲ್ಲಿ, ಕೊಡವರ ಮಳೆಗಾಲದ ತಿಂಗಳಲ್ಲಿ. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪು ಬೇಯಿಸುತ್ತಾರೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರಿರುತ್ತದೆ ಎಂಬುದು ನಂಬಿಕೆ. ಸೊಪ್ಪನ್ನು ದಂಟಿನ ಸಮೇತ ಕುದಿಸಿದರೆ ನೀರು ಗಾಢ ನೇರಳೆಯಾಗುತ್ತದೆ. ಅದರಿಂದ ಪಾಯಸ ಮಾಡುತ್ತೇವೆ. ಆ ವರ್ಷ ಪಾತ್ರೆಯ ತಳದಲ್ಲಿ ಒಂದು ಲೋಟದಷ್ಟು ರಸ ಉಳಿದಿತ್ತು. ಚೆಲ್ಲಲು ಎತ್ತಿದವಳು ಯಾಕೋ ನಿಂತೆ. ಶಾಲೆಯ ಹಳೆಯ ಡ್ರಾಯಿಂಗ್ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಅಂಗೈಯನ್ನೇ ರಸದಲ್ಲಿ ಅದ್ದಿ ಎಳೆದೆ. ಮೇಲಿನಿಂದ ಕೆಳಕ್ಕೆ. ಮತ್ತೆ ಮೇಲಿನಿಂದ ಕೆಳಕ್ಕೆ. ಏನನ್ನು ಬರೆಯುತ್ತಿದ್ದೇನೆ ಎಂದು ನನಗೆ ತಿಳಿದಿರಲಿಲ್ಲ. ಹಾಳೆ ನೆನೆದು ಹರಿಯುವ ಹೊತ್ತಿಗೆ ನಾನು ಅಳುತ್ತಿದ್ದೆ.

ಹೀಗೆ ಮೊದಲೇ ಯೋಚಿಸದೆ, ಒಳಗಿನಿಂದ ಬಂದಂತೆ ಬಣ್ಣ ಹಾಕುವುದಕ್ಕೆ ಹೆಸರುಗಳಿವೆ, ಪದ್ಧತಿಗಳಿವೆ ಎಂದು ಆಮೇಲೆ ಓದಿ ತಿಳಿದೆ. ಕ್ಷಯದಿಂದ ಚೇತರಿಸಿಕೊಳ್ಳುತ್ತಾ ಹಾಸಿಗೆಯಲ್ಲೇ ಚಿತ್ರ ಬರೆದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ‘ಆರ್ಟ್ ಥೆರಪಿ’ ಎಂಬ ಮಾತನ್ನು ಬಳಕೆಗೆ ತಂದರು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಮಂದಿಗೆ 45 ನಿಮಿಷ ಮನಸ್ಸಿಗೆ ಬಂದ ಕಲಾಕೃತಿ ಮಾಡಲು ಬಿಟ್ಟು ನೋಡಿದರು. ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಚಿತ್ರ ಕಲಿತವರಿಗೂ ಕಲಿಯದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ಅದು ಸಣ್ಣ ಅಧ್ಯಯನ, ಭಾಗವಹಿಸಿದವರು ಆರೋಗ್ಯವಂತರು. ಆದರೂ ಇಪ್ಪತ್ತಾರು ವರ್ಷ ‘ಸರಿಯಾಗಿ ಬರೆ’ ಎಂದು ಹೇಳಿದವಳು ಒಮ್ಮೆ ಕೂತು ಯೋಚಿಸಬೇಕಾದ ಸಂಗತಿ ಅದು.

ಕಲಿತದ್ದನ್ನು ಬಿಡುವುದೇ ನನಗೆ ಕಷ್ಟವಾಯಿತು. ಕೈ ತಾನಾಗಿಯೇ ಸಮತೋಲನ ಹುಡುಕುತ್ತಿತ್ತು. ಎಡಕ್ಕೆ ಕೆಂಪು ಬಿದ್ದರೆ ಬಲಕ್ಕೂ ಒಂದು ಚೂರು ಕೆಂಪು ಇಡುತ್ತಿತ್ತು. ಅದಕ್ಕೆ ಕೆಲವು ಕಟ್ಟಳೆ ಮಾಡಿಕೊಂಡೆ. ಅಪ್ಪನ ಹೊತ್ತಿಗೇ, ಬೆಳಿಗ್ಗೆ ಎಂಟಕ್ಕೆ, ಕೆಲಸಕ್ಕೆ ನಿಲ್ಲುವುದು. ಹಾಳೆಯನ್ನು ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ ನಿಂತೇ ಬರೆಯುವುದು, ಏಕೆಂದರೆ ಕೂತರೆ ಮಣಿಕಟ್ಟು ಮಾತ್ರ ಆಡುತ್ತದೆ, ನಿಂತರೆ ಭುಜದಿಂದ ಕೈ ಬೀಸಬಹುದು. ಪೆನ್ಸಿಲ್ ಬೇಡ, ರಬ್ಬರ್ ಬೇಡ. ಪೋಸ್ಟರ್ ಕಲರ್, ಎರಡು ಅಗಲದ ಬ್ರಷ್, ಹಳೆಯ ಬಟ್ಟೆಯ ತುಂಡು ಸಾಕು. ಡಬ್ಬಿಗಳ ಮುಂದೆ ನಿಂತು ‘ಯಾವುದು ಚೆನ್ನಾಗಿ ಕಾಣುತ್ತದೆ’ ಎಂದು ಕೇಳದೆ ‘ಯಾವುದಕ್ಕೆ ಕೈ ಹೋಗುತ್ತಿದೆ’ ಎಂದು ನೋಡುತ್ತೇನೆ. ಯಾವ ಬಣ್ಣವನ್ನು ಕಂಡರೆ ಮುಖ ತಿರುಗಿಸಬೇಕು ಅನ್ನಿಸುತ್ತದೋ ಅದನ್ನೂ ಗಮನಿಸುತ್ತೇನೆ. ನನಗೆ ಅದು ಕೆಮ್ಮಣ್ಣಿನ ಬಣ್ಣ. ಏಳು ತಿಂಗಳು ಆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹಾಳೆ ಹಾಳಾಯಿತು ಎನ್ನಿಸುವ ಗಳಿಗೆ. ಹರಿದು ಬಿಸಾಡುವ ಆಸೆ ಆಗಲೇ ಬರುತ್ತದೆ. ಆಗ ಬ್ರಷ್ ಕೆಳಗಿಡದೆ, ಹಾಳೆಗೆ ಇನ್ನೇನು ಬೇಕು ಎಂದು ಇನ್ನು ಹತ್ತು ನಿಮಿಷ ನಿಂತರೆ ನಾನು ಅಡಗಿಸಿಟ್ಟದ್ದು ಹೊರಗೆ ಬರುತ್ತದೆ. ಕೆಮ್ಮಣ್ಣಿನ ಡಬ್ಬಿ ತೆರೆದದ್ದು ಅಂಥದೇ ಒಂದು ಬೆಳಿಗ್ಗೆ. ಆ ಹಾಳೆಯನ್ನು ಇಡೀ ಕೆಂಪು ನುಂಗಿತು. ನೆಲಕ್ಕೆ, ಸೀರೆಗೆ, ಗೋಡೆಗೆ ತಾಗಿತು. ಅಂದು ನಾನು ಅಪ್ಪನ ಮೇಲೆ ಸಿಟ್ಟಾಗಿದ್ದೆ ಎಂದು ತಿಳಿಯಿತು. ಹೊರಡಿ ಎಂದು ಎರಡು ದಿನ ಮೊದಲೇ ಅಂಗಲಾಚಿದ್ದೆ. ಮಳೆ ಅಳೆಯುವವರಿಲ್ಲ ಎಂದು ಅವರು ಕೂತಿದ್ದರು. ಆ ಸಿಟ್ಟನ್ನು ಯಾರ ಬಳಿ ಹೇಳಲಿ, ಸತ್ತವರ ಮೇಲೆ? ಹಾಳೆಗೆ ಹೇಳಿದೆ.

ಮಳೆಗಾಲದಲ್ಲಿ ಇಲ್ಲಿ ಬಣ್ಣ ಒಣಗುವುದಿಲ್ಲ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒದ್ದೆ ಹಾಳೆಗಳನ್ನು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಹೊಗೆಯ ವಾಸನೆ ಹಿಡಿದರೂ ಉಳಿಯುತ್ತವೆ. ಮದ್ದು ಸೊಪ್ಪಿನ ರಸದ ಮೊದಲ ಹಾಳೆ ಮಾತ್ರ ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ. ಅದನ್ನೂ ಇಟ್ಟಿದ್ದೇನೆ.

ಈಗ ಭಾನುವಾರ ನಮ್ಮ ಜಗಲಿಗೆ ನಾಲ್ಕೈದು ಹೆಂಗಸರು ಬರುತ್ತಾರೆ. ಒಬ್ಬರ ಹಾಳೆಯ ಬಗ್ಗೆ ಇನ್ನೊಬ್ಬರು ‘ಚೆನ್ನಾಗಿದೆ’ ಎಂದೂ ಹೇಳಬಾರದು, ‘ಇದೇನು’ ಎಂದೂ ಕೇಳಬಾರದು. ಹೊಗಳಿಕೆ ಬಂದರೆ ಮುಂದಿನ ವಾರ ಕೈ ಹೊಗಳಿಕೆಗಾಗಿ ಬರೆಯುತ್ತದೆ. ಪಕ್ಕದ ಮನೆಯ ಅಕ್ಕ ಮೊದಲ ದಿನ ಬ್ರಷ್ ಹಿಡಿದು, “ಟೀಚರೇ, ನನಗೆ ಒಂದು ಕೋಳಿ ಬರೆಯಲೂ ಬರುವುದಿಲ್ಲವಲ್ಲ” ಎಂದರು. “ಕೋಳಿ ಬೇಡ ಅಕ್ಕ, ಕೈಗೆ ಸಿಕ್ಕಿದ ಬಣ್ಣ ಸಾಕು” ಎಂದೆ. ಒಂದೂವರೆ ಗಂಟೆ ಬರೀ ಕಪ್ಪು ಹಚ್ಚಿದರು. ಮುಗಿದ ಮೇಲೆ ಕೈ ತೊಳೆಯುತ್ತಾ, ಮೂವತ್ತು ವರ್ಷದ ಹಿಂದೆ ಹೊಟ್ಟೆಯಲ್ಲೇ ಹೋದ ಮಗುವಿನ ವಿಷಯ ಹೇಳಿದರು. ನಾವು ಕೇಳಿಸಿಕೊಂಡೆವು, ಏನೂ ಹೇಳಲಿಲ್ಲ.

ನಾನು ಚಿಕಿತ್ಸಕಿಯಲ್ಲ, ಅದನ್ನು ಬಂದವರಿಗೆ ಮೊದಲೇ ಹೇಳುತ್ತೇನೆ. ಬಣ್ಣ ಹಚ್ಚುತ್ತಾ ಇದ್ದರೂ ದಿನದಿನಕ್ಕೆ ಕುಗ್ಗುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಬಣ್ಣದ ಡಬ್ಬಿಗಳ ಮೇಲಿನ ಗೋಡೆಯಲ್ಲಿ ಬರೆದಿಟ್ಟಿದ್ದೇನೆ.

ಕಳೆದ ತಿಂಗಳು ಅಪ್ಪನ ಪುಸ್ತಕವನ್ನು ಬಟ್ಟೆಯಿಂದ ಬಿಚ್ಚಿದೆ. ಆಗಸ್ಟ್ 15ರ ಮುಂದಿನ ಪುಟದಲ್ಲಿ ಅಂಕಿ ಬರೆಯಲು ಮನಸ್ಸಾಗಲಿಲ್ಲ. ಬ್ರಷ್ ಅದ್ದಿ ಒಂದು ಬಣ್ಣ ಎಳೆದೆ, ಮರುದಿನ ಇನ್ನೊಂದು. ಗುಡ್ಡದ ಗೆರೆ ಇನ್ನೂ ಬಂದಿಲ್ಲ. ಇವತ್ತಿನ ಪುಟದ ಕೆಳಮೂಲೆಯಲ್ಲಿ ತೀರ ಎಳೆಯ ಹಸಿರು ಬಿದ್ದಿದೆ, ಒಲೆಯ ಮೇಲೆ ಒಣಗುತ್ತಿದೆ. ಅದರ ಪಕ್ಕಕ್ಕೆ ಏನು ಬೇಕೋ ನಾಳೆ ಎಂಟಕ್ಕೆ ನೋಡಬೇಕು.