ಕೋಟೆ, ಕೆರೆ, ಗುಡಿ: ದುರ್ಗದಿಂದ ವಿಜಯಪುರದವರೆಗಿನ ಪ್ರವಾಸವನ್ನು ನಾನು ಯೋಜಿಸಿದ ಬಗೆ

ಚಿತ್ರದುರ್ಗದಿಂದ ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿಗಳನ್ನು ಹಾದು ವಿಜಯಪುರ ಸೇರುವ ಕಾರಿನ ಪ್ರವಾಸಕ್ಕೆ ತಯಾರಿ ನಡೆಸುವಾಗ ನಮ್ಮ ಮನೆಯಲ್ಲಿ ಎರಡು ಪಟ್ಟಿಗಳು ಹುಟ್ಟಿಕೊಂಡವು. ಕೋಟೆಗಳ ಪಟ್ಟಿ ನನ್ನದು, ದೇವಸ್ಥಾನಗಳ ಪಟ್ಟಿ ತಾಯಿಯದು. ಎರಡನ್ನೂ ನಕ್ಷೆಯ ಮೇಲೆ ಗುರುತಿಸಿದಾಗ ಬಹುಪಾಲು ಗುರುತುಗಳು ಒಂದರ ಮೇಲೊಂದು ಬಿದ್ದವು. ಇದರಲ್ಲಿ ಅಚ್ಚರಿಯೇನಿಲ್ಲ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಕೋಟೆ ಕಟ್ಟಬೇಕಾದರೆ ಹತ್ತಲು ಕಷ್ಟವಾದ ಒಂದು ಗುಡ್ಡ ಬೇಕು, ಮುತ್ತಿಗೆಯ ಕಾಲಕ್ಕೆ ಒದಗುವ ನೀರು ಬೇಕು. ನೀರಿನ ದಡದಲ್ಲಿ ದೇವರಂತೂ ಇದ್ದೇ ಇರುತ್ತಾನೆ. ಆದ್ದರಿಂದ ನಾನು ಎರಡೂ ಪಟ್ಟಿಗಳನ್ನು ಬದಿಗಿಟ್ಟು, ಗುಡ್ಡ, ನೀರು, ಗುಡಿ ಮೂರನ್ನೂ ಒಟ್ಟಿಗೆ ನೋಡಲು ಬೇಕಾದಷ್ಟು ಹಗಲನ್ನು ಯಾವ ಊರಿಗೆ ಕೊಡಲು ಸಾಧ್ಯವೋ ಆ ಊರನ್ನು ಮಾತ್ರ ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಹಾಗೆ ಲೆಕ್ಕ ಹಾಕಿದಾಗ ಬೀದರ್, ಕಲಬುರಗಿ ಎರಡೂ ಪಟ್ಟಿಯಿಂದ ಹೊರಬಿದ್ದವು. ಬೀದರಿನಂಥ ಕೋಟೆಯನ್ನು ಸಂಜೆಯ ಒಂದು ಗಂಟೆಯಲ್ಲಿ ಮುಗಿಸುವುದಕ್ಕಿಂತ ಹೋಗದಿರುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ದಾರಿಯನ್ನಲ್ಲ, ತಿಂಗಳನ್ನು. ಮಾರ್ಚ್ ಕಳೆದರೆ ಈ ಬಂಡೆಗಳ ಮೇಲೆ ಹಗಲಿನಲ್ಲಿ ಕಾಲಿಡುವಂತಿಲ್ಲ. ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೊಂಡಗಳಲ್ಲಿ ಇನ್ನೂ ನೀರಿರುತ್ತದೆ. ನೀರಿಲ್ಲದ ಹೊಂಡವನ್ನು ನೋಡಿದವರಿಗೆ ಕೋಟೆಯ ಅರ್ಧ ಕತೆ ತಿಳಿಯುವುದಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ದೊಡ್ಡ ಜಾತ್ರೆ ಸೇರುವುದರಿಂದ ಆಗ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಆಟ ನೋಡಬೇಕೆನ್ನುವವರು ಬೇಕೆಂದೇ ಆ ದಿನಗಳಲ್ಲಿ ಹೋಗುತ್ತಾರೆ, ಆ ಮಾತು ಬೇರೆ. ಹಂಪಿ ಉತ್ಸವದ ದಿನಾಂಕಗಳನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತಿಂಗಳಾದ ಮೇಲೆ ವಾರ. ಕಮಲಾಪುರ, ಐಹೊಳೆ, ಬಾದಾಮಿ, ವಿಜಯಪುರಗಳಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸುವ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ವಿಜಯಪುರದ ಜಾಮಿಯಾ ಮಸೀದಿ ಇಂದಿಗೂ ನಮಾಜು ನಡೆಯುವ ಮಸೀದಿಯಾದ್ದರಿಂದ ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ನೋಡಲು ಹೋಗುವುದು ಸರಿಯಲ್ಲ. ಶನಿವಾರ, ಭಾನುವಾರಗಳಲ್ಲಿ ಹಂಪಿಯ ವಿಠ್ಠಲ ದೇವಾಲಯಕ್ಕೆ ಕರೆದೊಯ್ಯುವ ಬ್ಯಾಟರಿ ವಾಹನಗಳ ಮುಂದೆ ಉದ್ದನೆಯ ಸಾಲು ನಿಂತಿರುತ್ತದೆ. ಇವೆಲ್ಲವನ್ನೂ ಹೊಂದಿಸಿ ನೋಡಿದಾಗ ಸೋಮವಾರ ಬೆಂಗಳೂರು ಬಿಡುವುದು, ಗುರುವಾರ ಐಹೊಳೆಯನ್ನು ಹಾದು ಬಾದಾಮಿ ಸೇರುವುದು, ಶುಕ್ರವಾರವನ್ನು ಪಟ್ಟದಕಲ್ಲು ಮತ್ತು ಮಹಾಕೂಟಗಳಿಗೆ ಇಟ್ಟು ಬಾದಾಮಿಯನ್ನು ಶನಿವಾರ ನೋಡುವುದು, ಭಾನುವಾರ ವಿಜಯಪುರದಲ್ಲಿರುವುದು ಎಂಬ ಕ್ರಮ ತಾನಾಗಿಯೇ ಏರ್ಪಟ್ಟಿತು. ಸ್ಮಾರಕಗಳು ಹಗಲಿಡೀ ತೆರೆದಿದ್ದರೂ ಪೂಜೆ ನಡೆಯುವ ಗುಡಿಗಳಲ್ಲಿ ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದುಂಟು. ಹಾಗಾಗಿ ತಾಯಿಯ ದರ್ಶನಗಳನ್ನು ಬೆಳಗಿಗೆ ಅಥವಾ ಸಂಜೆಗೆ ಹೊಂದಿಸಿದೆ.

ಅವರಿಗೆ ಮಂಡಿನೋವು. ಪ್ರತಿಯೊಂದು ಊರಿನಲ್ಲೂ ಹತ್ತಲಾರದವರಿಗೆ ನೋಡಲು ಏನಿದೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡದ್ದರಿಂದ ಯೋಜನೆಗೆ ಒಳ್ಳೆಯದೇ ಆಯಿತು, ಏಕೆಂದರೆ ನಾನು ಒಬ್ಬನೇ ಹೋಗಿದ್ದರೆ ಗುಡ್ಡದ ಕೆಳಗಿನ ಎಷ್ಟೋ ಜಾಗಗಳನ್ನು ಗಮನಿಸದೆ ಮುಂದೆ ಸಾಗುತ್ತಿದ್ದೆ.

ಚಿತ್ರದುರ್ಗದ ಚಂದ್ರವಳ್ಳಿ ಅಂಥದೊಂದು ಜಾಗ. ಕೋಟೆಯ ಹಿಂಬದಿಯ ಕಣಿವೆಯಲ್ಲಿ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಕೆರೆಯ ವಿಷಯವನ್ನು. ರಾಜನೊಬ್ಬ ತನ್ನ ಹೆಸರನ್ನು ಇಲ್ಲಿ ಕೆತ್ತಿಸಿದ್ದು ಕೆರೆಯ ಕೆಲಸಕ್ಕಾಗಿ ಎಂಬುದನ್ನು ನೋಡಿದ ಮೇಲೆ ಕೋಟೆ ಹತ್ತಿದರೆ ಅಲ್ಲಿನ ಹೊಂಡಗಳು ಬೇರೆಯಾಗಿಯೇ ಕಾಣುತ್ತವೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದವರು ಏಳು ಸುತ್ತಿನ ಗೋಡೆ ಕಟ್ಟಿದವರಿಗಿಂತ ಕಡಿಮೆಯವರೇನಲ್ಲ. ಪ್ರವಾಸಿಗರೆಲ್ಲ ಒನಕೆ ಓಬವ್ವನ ಕಿಂಡಿಯನ್ನು ಕೇಳಿಕೊಂಡು ಬರುತ್ತಾರೆ, ಬರಬೇಕಾದದ್ದೇ. ಆದರೆ 1779ರಲ್ಲಿ ಹೈದರಾಲಿಯ ಕೈಗೆ ಹೋಗುವವರೆಗೂ ಮದಕರಿ ನಾಯಕರ ದುರ್ಗ ತಡೆದು ನಿಂತದ್ದರಲ್ಲಿ ಈ ನೀರಿನ ಪಾಲೂ ಇದೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿಯರ ಗುಡಿಗಳು ಈ ಸುತ್ತುಗೋಡೆಗಳೊಳಗೇ ಇವೆ. ಬೆಂಗಳೂರಿನಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರವಿರುವುದರಿಂದ ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲು ಕೋಟೆ ಹತ್ತಿ, ಊಟದ ನಂತರ ಹೊಸಪೇಟೆಯ ದಾರಿ ಹಿಡಿಯಬಹುದು.

ಹಂಪಿಯ ಬಗ್ಗೆ ಎಲ್ಲರೂ ಬರೆದಿರುವುದರಿಂದ ಯೋಜನೆಗೆ ಸಂಬಂಧಿಸಿದ್ದನ್ನಷ್ಟೇ ಹೇಳುತ್ತೇನೆ. ನಾವು ಕಮಲಾಪುರದಲ್ಲಿ ಉಳಿದುಕೊಂಡೆವು. ಅಲ್ಲಿಂದ ರಾಜಾಂಗಣ, ಹಜಾರರಾಮ, ಕಮಲ ಮಹಲುಗಳು ತೀರ ಹತ್ತಿರ. ಮೊದಲ ದಿನ ವಿರೂಪಾಕ್ಷನಿಗೆ ಮತ್ತು ನದಿಯ ದಡಕ್ಕೆ, ಎರಡನೆಯ ದಿನ ಅರಮನೆಯ ಆವರಣಕ್ಕೆ ಎಂದು ಹಂಚಿಕೊಂಡರೆ ಓಡಾಟ ಕಡಿಮೆಯಾಗುತ್ತದೆ. ವಿಜಯನಗರದ ಅರಸರು ಶಾಸನಗಳ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂದೇ ಅಂಕಿತ ಹಾಕುತ್ತಿದ್ದವರು. ಆ ದೇವರನ್ನು ನೋಡಿದ ಮೇಲೆ ಅರಮನೆಯ ಅಡಿಪಾಯಗಳನ್ನು ನೋಡುವುದೇ ಸರಿಯಾದ ಕ್ರಮವೆನಿಸಿತು. ರಾಜಾಂಗಣದ ಮೆಟ್ಟಿಲುಗೊಳದ ಬಳಿ ಕಲ್ಲಿನ ಕಂಬಗಳ ಮೇಲೆ ಹಾದುಬರುವ ಕಾಲುವೆಯನ್ನು ತಪ್ಪದೆ ಗಮನಿಸಬೇಕು. ಆನೆಗೊಂದಿಗೆ ಕಾರಿನಲ್ಲಿ ಹೋಗುವವರು ಬುಕ್ಕಸಾಗರದ ಸೇತುವೆಯ ಮೂಲಕ ಹೊಳೆ ದಾಟಬಹುದು. ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ತಾಯಿ ಕೆಳಗಿನಿಂದಲೇ ಕೈಮುಗಿದರು.

ಹೊಸಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ದಾಟಿ ಅಮೀನಗಡದ ಕಡೆಗೆ ತಿರುಗಿದರೆ ಐಹೊಳೆ ಸಿಗುತ್ತದೆ. ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವವರನ್ನು ನಾನು ಕಂಡಿಲ್ಲ. ಹೆದ್ದಾರಿ ಬಿಟ್ಟ ಮೇಲೆ ಮಾತ್ರ ವೇಗದ ಲೆಕ್ಕ ಬದಲಾಗುತ್ತದೆ. ಸುಗ್ಗಿಯ ಕಾಲದಲ್ಲಿ ರೈತರು ರಸ್ತೆಯ ಮೇಲೆಯೇ ಕಾಳಿನ ಬೆಳೆ ಹರಡಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಸಾಗುತ್ತಿರುತ್ತವೆ. ಸೂರ್ಯ ಮುಳುಗುವ ಮೊದಲು ತಂಗುವ ಊರು ಸೇರಬೇಕೆಂಬುದು ಈ ಭಾಗದಲ್ಲಿ ನಾನು ಸಡಿಲಿಸದ ನಿಯಮ. ನಕ್ಷೆಯ ಆ್ಯಪ್ ತೋರಿಸುವ ಸಮಯಕ್ಕೆ ಮೂರನೆಯ ಒಂದು ಪಾಲು ಸೇರಿಸಿಯೇ ದಿನದ ಕಾರ್ಯಕ್ರಮ ಬರೆದುಕೊಳ್ಳುತ್ತಿದ್ದೆ.

ಐಹೊಳೆಯಲ್ಲಿ ಬಹಳ ಜನ ದುರ್ಗ ಗುಡಿಯ ಆವರಣವನ್ನಷ್ಟೇ ನೋಡಿ ಹೊರಡುತ್ತಾರೆ. ಕೋಟೆ ಗೋಡೆ ಸುತ್ತುವರಿದ ಮೇಗುತಿ ಗುಡ್ಡವನ್ನು ಹತ್ತಬೇಕು. ಅಲ್ಲಿನ ಬಸದಿಯ ಗೋಡೆಯಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯನ್ನು ಅದರಲ್ಲಿ ಬಣ್ಣಿಸಿದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಸಂಕೋಚದ ಕವಿಯಲ್ಲ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಪೂರ್ವಕ್ಕೆ ಮುಖಮಾಡಿದ ವಿರೂಪಾಕ್ಷ ದೇವಾಲಯವನ್ನು ಬೆಳಗಿನಲ್ಲೇ ನೋಡಬೇಕು. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ನೆಲ ಸಮತಟ್ಟಾಗಿರುವುದರಿಂದ ಹಿರಿಯರಿಗೆ ಇಡೀ ದಾರಿಯಲ್ಲಿ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಮಧ್ಯಾಹ್ನ ಮಹಾಕೂಟದ ಆಲದ ನೆರಳಿಗೆ ಬಂದೆವು. ಅಲ್ಲಿ ವರ್ಷವಿಡೀ ಬುಗ್ಗೆಯ ನೀರು ತುಂಬಿರುವ ಪುಷ್ಕರಿಣಿಯ ಸುತ್ತ ಚಿಕ್ಕ ಚಿಕ್ಕ ಗುಡಿಗಳಿವೆ. ಇಲ್ಲಿದ್ದ ಮಂಗಳೇಶನ ಕಾಲದ ಶಾಸನಸ್ತಂಭ ಈಗ ಇಲ್ಲಿಲ್ಲ, ವಿಜಯಪುರದ ಸಂಗ್ರಹಾಲಯದಲ್ಲಿದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಹಾಕೂಟದ ದೇವರಿಗೆ ಕೊಟ್ಟ ದತ್ತಿಯ ಉಲ್ಲೇಖ ಅದರಲ್ಲಿರುವುದರಿಂದ, ಸ್ಥಳವನ್ನು ಮೊದಲು ಕಂಡು ಸ್ತಂಭವನ್ನು ಆಮೇಲೆ ಕಾಣುವಂತೆ ದಾರಿಯನ್ನು ಹೊಂದಿಸಿದ್ದೆ.

ಇಡೀ ಯೋಜನೆಯಲ್ಲಿ ಒಂದೇ ಊರಿಗೆ ಹೆಚ್ಚು ಸಮಯ ಕೊಡಬೇಕೆಂದರೆ ನಾನು ಬಾದಾಮಿಗೆ ಕೊಡುತ್ತೇನೆ. ಮಧ್ಯೆ ಅಗಸ್ತ್ಯ ತೀರ್ಥ, ದಕ್ಷಿಣದ ಬಂಡೆಯಲ್ಲಿ ಗುಹಾಲಯಗಳು, ಉತ್ತರದ ಬಂಡೆಯ ಮೇಲೆ ಕೋಟೆ ಮತ್ತು ಶಿವಾಲಯಗಳು, ಪೂರ್ವದ ದಡದಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಭೂತನಾಥ. ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ 543ರ ಶಾಸನವಿದ್ದು, ವಾತಾಪಿಯ ಗುಡ್ಡವನ್ನು ಕೋಟೆಯಾಗಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ. ಚಾಲುಕ್ಯರ ಕತೆ ಶುರುವಾಗುವುದೇ ಇಲ್ಲಿಂದ. ಬೆಳಗ್ಗೆ ತಂಪಿನಲ್ಲಿ ಈ ಗುಡ್ಡವನ್ನು ಹತ್ತಿದೆ. ಎರಡು ಬಂಡೆಗಳ ನಡುವೆ ಸೀಳಿದಂತಿರುವ ದಾರಿ ಎಷ್ಟು ಇಕ್ಕಟ್ಟಾಗಿದೆಯೆಂದರೆ ಮೇಲೆ ನಿಂತ ಕೆಲವೇ ಜನ ಕೆಳಗಿನ ದೊಡ್ಡ ಪಡೆಯನ್ನು ತಡೆಯಬಹುದೆಂಬುದು ನಡೆದವರಿಗೆ ತಾನೇ ಅರ್ಥವಾಗುತ್ತದೆ. ಹೀಗಿದ್ದೂ ಪಲ್ಲವ ನರಸಿಂಹವರ್ಮ 642ರಲ್ಲಿ ಈ ಊರನ್ನು ಹಿಡಿದ. ನಾನು ಇಳಿದು ಬರುವಷ್ಟರಲ್ಲಿ ತಾಯಿ ಗುಡ್ಡದ ಬುಡದ ಸಂಗ್ರಹಾಲಯವನ್ನು ನೋಡಿ ಮುಗಿಸಿದ್ದರು. ಗುಹೆಗಳನ್ನು ಮಧ್ಯಾಹ್ನಕ್ಕಿಟ್ಟದ್ದು ಬೇಕೆಂದೇ. ಅವುಗಳ ಬಾಯಿ ಉತ್ತರದ ಕಡೆಗಿರುವುದರಿಂದ ಆ ಹೊತ್ತಿನಲ್ಲೂ ಒಳಗೆ ತಂಪಿರುತ್ತದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ. 578ರಲ್ಲಿ ಮಂಗಳೇಶ ಬರೆಸಿದ ಶಾಸನವಿರುವ ಮೂರನೆಯ ಗುಹೆಯಲ್ಲಿ ಕಂಬದ ಮೇಲಿನ ಮದನಿಕೆಯರನ್ನು ನಿಧಾನವಾಗಿ, ತಲೆಯೆತ್ತಿ ನೋಡಬೇಕು. ಮಂಗಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣಗಳನ್ನು ಕಾರಿನಲ್ಲೇ ಬಿಟ್ಟು ಹತ್ತಬೇಕು. ಇಳಿಹೊತ್ತಿಗೆ ಕೆರೆಯ ದಂಡೆಯ ಸಮತಟ್ಟು ಹಾದಿಯಲ್ಲಿ ತಾಯಿಯೊಂದಿಗೆ ಭೂತನಾಥಕ್ಕೆ ನಡೆದೆ; ಪಡುವಣ ಬೆಳಕು ಆಗ ನೇರವಾಗಿ ಗುಡಿಯ ಮೇಲೆ ಬೀಳುತ್ತದೆ.

ಊಟದ ಏರ್ಪಾಡನ್ನು ನಾನು ಯೋಜನೆಯಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ. ಬನಶಂಕರಿಯ ಹೊಂಡದ ಬಳಿ ಹೆಂಗಸರು ಬುಟ್ಟಿಯಲ್ಲಿ ಖಡಕ್ ರೊಟ್ಟಿ ತಂದು, ಶೇಂಗಾ ಚಟ್ನಿ, ಕೆಂಪು ಖಾರ, ಪಲ್ಯ, ಗಡಿಗೆಯ ಗಟ್ಟಿ ಮೊಸರು ಬಡಿಸುತ್ತಾರೆ. ‘ಇನ್ನೊಂದು ರೊಟ್ಟಿ ತಗೋರಿ’ ಎಂಬ ಒತ್ತಾಯಕ್ಕೆ ಒಲ್ಲೆನ್ನುವುದು ಸುಲಭವಲ್ಲ.

ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟು ಬೇರೇನೂ ಕೇಳಿಸದು. ಎದುರಿನ ನಗಾರಖಾನೆಯಲ್ಲಿರುವ ಸಂಗ್ರಹಾಲಯದಲ್ಲಿ ಮಹಾಕೂಟದ ಸ್ತಂಭವನ್ನು ಕಂಡೆವು. ಆಮೇಲೆ ಷೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು, ಸಂಜೆಗೆ ಇಬ್ರಾಹಿಂ ರೋಜಾ. ಜಾಮಿಯಾ ಮಸೀದಿಯನ್ನು ಕಟ್ಟಿಸಿದ ಮೊದಲನೆಯ ಅಲಿ ಆದಿಲ್‌ಶಾಹ 1565ರ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲೊಬ್ಬ. ಅದೇ ವಾರದಲ್ಲಿ ಹಂಪಿಯನ್ನು ಕಂಡು ಬಂದವರಿಗೆ ಆ ವಿಶಾಲವಾದ ಅಂಗಳದಲ್ಲಿ ನಿಂತಾಗ ಎರಡೂ ಊರುಗಳ ಕತೆ ಒಟ್ಟಿಗೆ ಸಿಗುತ್ತದೆ.

ಐನೂರು ಕಿಲೋಮೀಟರಿಗೂ ಹೆಚ್ಚಿನ ಮರುಪ್ರಯಾಣಕ್ಕೆ ಬೇರೆ ಯಾವ ಸ್ಥಳವನ್ನೂ ಸೇರಿಸಬಾರದೆಂದುಕೊಂಡಿದ್ದರೂ ಹೆದ್ದಾರಿಗೆ ಹತ್ತಿರವೆಂಬ ಕಾರಣಕ್ಕೆ ಕೂಡಲಸಂಗಮವನ್ನು ಬೆಳಗಿನ ನಿಲುಗಡೆಯಾಗಿ ಇಟ್ಟುಕೊಂಡೆ. ಪಟ್ಟದಕಲ್ಲಿನಲ್ಲೂ ಐಹೊಳೆಯಲ್ಲೂ ಕಂಡ ಮಲಪ್ರಭೆ ಕೃಷ್ಣೆಯನ್ನು ಕೂಡುವುದು ಇಲ್ಲಿ. ಹಿನ್ನೀರು ನುಗ್ಗದಂತೆ ಸುತ್ತ ಗೋಡೆ ಎತ್ತಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಬಾವಿಗೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗಬೇಕು, ಹಾಗಾಗಿ ಮಂಡಿನೋವಿರುವವರು ಅದಕ್ಕೆ ಮೊದಲೇ ಸಿದ್ಧರಾಗಿರಬೇಕು. ಅಲ್ಲಿಂದ ಬೇಗ ಹೊರಟರೆ ಚಿತ್ರದುರ್ಗವನ್ನು ಹಗಲಿನಲ್ಲೇ ದಾಟಬಹುದು. ಮುಂದಿನ ಹೆದ್ದಾರಿ ಅಗಲವಾಗಿರುವುದರಿಂದ ಬೆಂಗಳೂರಿನವರೆಗೆ ಕತ್ತಲಾದರೂ ಚಿಂತೆಯಿಲ್ಲ.