ಡ್ರೈವ್ ಆನ್ ಆದರೆ ಸಾಕು, ಪ್ರೆಶರ್ ರೀಡಿಂಗ್ ಕುಣಿಯುತ್ತಿತ್ತು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನೀರಿನ ಪಂಪಿಗೆ ಹೊಸದಾಗಿ ಮೋಟಾರಿನ ವೇಗ ಹೆಚ್ಚು-ಕಡಿಮೆ ಮಾಡುವ ಡ್ರೈವ್, ಅಂದರೆ ವಿಎಫ್‌ಡಿ ಹಾಕಿಸಿದ ಮೇಲೆ ಪ್ರೆಶರ್ ರೀಡಿಂಗ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. 4 ಬಾರ್ ಇರಬೇಕಾದ್ದು 3ಕ್ಕೆ ಇಳಿಯುತ್ತಿತ್ತು, ಮರುಕ್ಷಣ 5ಕ್ಕೆ ಹಾರುತ್ತಿತ್ತು. ಪ್ರೆಶರ್ ಅಳೆದು ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಬದಲಿಸಿದೆವು. ದುಡ್ಡು ದಂಡ ಅಷ್ಟೆ.

ಆಮೇಲೆ ವಾಲ್ವ್ ಮುಚ್ಚಿ ಲೈನಿನಲ್ಲಿ ಪ್ರೆಶರ್ ಹಿಡಿದಿಟ್ಟು, ಡ್ರೈವ್ ನಿಲ್ಲಿಸಿ ನೋಡಿದೆ. ರೀಡಿಂಗ್ ಅಲ್ಲಾಡಲಿಲ್ಲ. ಅಂದರೆ ತೊಂದರೆ ಬರುತ್ತಿರುವುದು ಡ್ರೈವಿನಿಂದಲೇ, ಅಲ್ವಾ? ವಿಎಫ್‌ಡಿ ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜನ್ನು ಆನ್-ಆಫ್ ಮಾಡುತ್ತದೆ. ಆ ಗದ್ದಲ ಪಕ್ಕದ ವೈರಿಗೂ ತಗಲುತ್ತದೆ. ಕೇಬಲ್ ಟ್ರೇ ಮುಚ್ಚಳ ತೆಗೆದು ನೋಡಿದರೆ, ಪ್ರೆಶರ್ ರೀಡಿಂಗ್ ಹೊತ್ತು ತರುವ 4–20 ಮಿಲಿಆಂಪಿಯರ್ ಸಿಗ್ನಲ್ ಕೇಬಲ್ ಮೋಟಾರ್ ಕೇಬಲ್ಲಿಗೆ ಅಂಟಿಕೊಂಡೇ 20 ಮೀಟರ್ ಹೋಗಿತ್ತು.

ಸಿಗ್ನಲ್ ಕೇಬಲನ್ನು ಬೇರೆ ಟ್ರೇಗೆ ಹಾಕಿ 30 ಸೆಂ.ಮೀ. ದೂರ ಇಟ್ಟೆ. ದಾಟಲೇಬೇಕಾದ ಒಂದು ಕಡೆ 90 ಡಿಗ್ರಿಯಲ್ಲಿ ಅಡ್ಡ ದಾಟಿಸಿದೆ. ಅರ್ಧ ವಾಸಿಯಾಯಿತು.

ಉಳಿದ ಅರ್ಧ ಮೋಟಾರ್ ಕೇಬಲ್ಲಿನ ಶೀಲ್ಡಿನಲ್ಲಿತ್ತು, ಅಂದರೆ ಗದ್ದಲ ಹೊರಬಾರದಂತೆ ವೈರುಗಳ ಸುತ್ತ ಇರುವ ಲೋಹದ ಹೊದಿಕೆಯಲ್ಲಿ. ಅದನ್ನು ಜಡೆಯಂತೆ ತಿರುಚಿ, ಗೇಣುದ್ದ ಎಳೆದು ಅರ್ತ್ ಬೋಲ್ಟಿಗೆ ಕಟ್ಟಿದ್ದರು. ಹೈ ಫ್ರೀಕ್ವೆನ್ಸಿ ಗದ್ದಲ ಅರ್ತಿಗೆ ಇಳಿಯಲು ಆ ಜಡೆಯೇ ಅಡ್ಡಿ. ಪವರ್ ತೆಗೆದು, ಡ್ರೈವಿನೊಳಗಿನ ಕೆಪಾಸಿಟರಿನ ಚಾರ್ಜ್ ಖಾಲಿಯಾಗಲು ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಪ್ಯಾನೆಲ್ ಪ್ಲೇಟಿನ ಪೇಂಟನ್ನು ಲೋಹ ಹೊಳೆಯುವ ತನಕ ಕೆರೆದು, ಶೀಲ್ಡನ್ನು ಸುತ್ತಲೂ ಹಿಡಿಯುವ ಕ್ಲಾಂಪ್ ಬಿಗಿದೆ. ಮೋಟಾರ್ ಕಡೆ, ಕೇಬಲ್ ಒಳಹೋಗುವ ಜಾಗದಲ್ಲಿ, ಅದನ್ನು ಹಿಡಿಯುವ ಲೋಹದ ಗ್ಲ್ಯಾಂಡ್ ಹಾಕಿದೆ.

ಕ್ಯಾರಿಯರ್ ಫ್ರೀಕ್ವೆನ್ಸಿಯನ್ನೂ, ಅಂದರೆ ಡ್ರೈವ್ ಆನ್-ಆಫ್ ಮಾಡುವ ವೇಗವನ್ನೂ, 8ರಿಂದ 4 ಕಿಲೋಹರ್ಟ್ಸ್‌ಗೆ ಇಳಿಸಿದೆ. ಮೋಟಾರ್ ಮೊದಲಿಗಿಂತ ಸ್ವಲ್ಪ ಜಾಸ್ತಿ ಗುಂಯ್‌ಗುಡುತ್ತದೆ. ರೀಡಿಂಗ್ ಈಗ 4.0, 4.1ರಲ್ಲೇ ನಿಂತಿದೆ.