ಮಳೆ ಬಿಟ್ಟ ಮೇಲೆ ನಮ್ಮನೆ ಊಟ

ನಮ್ಮ ಕೊಪ್ಪದ ಕಡೆ ಮಳೆಗಾಲದ ಊಟವೇ ಬೇರೆ. ಹುರುಳಿ ಸಾರು, ಸುಟ್ಟ ಹಪ್ಪಳ, ಉಪ್ಪಿನಕಾಯಿ, ಸಂಜೆ ಕರಿದ ತಿಂಡಿ, ಕಾಫಿ ಮೇಲೆ ಕಾಫಿ. ಬಿಡದೆ ಮಳೆ ಹೊಡೆಯುವಾಗ ಅದೇ ಹಿತ. ಆದರೆ ಆಶ್ವಯುಜ ಬಂದ ಮೇಲೂ ಹಾಗೇ ತಿಂದರೆ ನನ್ನ ಹೊಟ್ಟೆ ತಡೆಯುವುದಿಲ್ಲ. ಉಬ್ಬರ, ಹುಳಿತೇಗು, ಮಲಬದ್ಧತೆ ಎಲ್ಲ ಶುರು. ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಮನೆಯಲ್ಲಿ ಒಬ್ಬರಿಗೆ ಬಂದ ನೆಗಡಿ ಎಲ್ಲರನ್ನೂ ಒಂದು ಸುತ್ತು ಹಾಕುವುದೂ ಆಗಲೇ. ಅದಕ್ಕೇ ದಸರಾದಿಂದ ಕಾರ್ತಿಕ ಮುಗಿಯುವ ತನಕ ನಾನು ಅಡುಗೆ ಬದಲಿಸುತ್ತೇನೆ.

ಹೇಗೆ ಬದಲಿಸಬೇಕು ಅಂತ ನಾನು ಕಲಿತಿದ್ದು ಭೂಮಿ ಹುಣ್ಣಿಮೆಯ ಅಡುಗೆಯಿಂದ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ರಾತ್ರಿಯೆಲ್ಲಾ ಅಡುಗೆ ಮಾಡಿ ಬೆಳಗಾಗುವ ಮುಂಚೆ ಗದ್ದೆಗೆ ಎಡೆ ಒಯ್ಯುತ್ತೇವೆ. ಅದರಲ್ಲಿ ನೂರೊಂದು ಕುಡಿ ಇರಲೇಬೇಕು. ಅಂದರೆ ಬೇಲಿ, ತೋಟ, ಗುಡ್ಡದಲ್ಲಿ ಸಿಕ್ಕುವ ತಿನ್ನುವ ಸೊಪ್ಪಿನ ಕುಡಿಗಳನ್ನೆಲ್ಲ ಸೇರಿಸಿ ಬೇಯಿಸಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, "ಒಂದೇ ಥರದ್ದು ಬ್ಯಾಡ ಕಣೆ, ಕಂಡಿದ್ದರಲ್ಲೆಲ್ಲ ಒಂದೊಂದು ಕುಡಿ ಚಿವುಟು" ಅಂದಿದ್ದರು.

ಆ ಮಾತನ್ನೇ ನಾನು ದಿನದ ಅಡುಗೆಗೂ ತಂದುಕೊಂಡೆ. ನಮ್ಮ ಕರುಳಿನ ತುಂಬ ಸೂಕ್ಷ್ಮಜೀವಿಗಳಿವೆ. ನಾವು ಅರಗಿಸಲಾಗದ ನಾರು ಅವುಗಳಿಗೆ ಊಟ. ಅದನ್ನು ಹುದುಗಿಸಿ ಅವು ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ಬದುಕುವುದೇ ಹೆಚ್ಚಾಗಿ ಅದರಿಂದ. ರೋಗದ ಜೊತೆ ಹೋರಾಡುವ ಎಷ್ಟೋ ಕೋಶಗಳು ಇರುವುದೂ ಆ ಗೋಡೆಯ ಸುತ್ತಲೇ. ಒಂದೊಂದು ಜಾತಿಯ ಜೀವಿಗೆ ಒಂದೊಂದು ಬಗೆಯ ನಾರು ಬೇಕು. ಹಾಗಾಗಿ ಒಂದೇ ಸೊಪ್ಪನ್ನು ರಾಶಿ ತಿನ್ನುವುದಕ್ಕಿಂತ ಹತ್ತು ಬಗೆ ಸ್ವಲ್ಪ ಸ್ವಲ್ಪ ತಿನ್ನುವುದು ಒಳ್ಳೆಯದು. ದಿನಕ್ಕೆ 400 ಗ್ರಾಂ ತರಕಾರಿ ಹಣ್ಣು, 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬರೀ ಅನ್ನ ಸಾರು ಉಂಡರೆ ಅಷ್ಟು ಎಲ್ಲಿಂದ ಬರಬೇಕು?

ನಮ್ಮನೆಯಲ್ಲಿ ಇದಕ್ಕೆ ತಂಬುಳಿಯೇ ಆಧಾರ. ಇವತ್ತು ಒಂದೆಲಗ, ನಾಳೆ ದೊಡ್ಡಪತ್ರೆ, ಇನ್ನೊಂದು ದಿನ ಎಲವರಿಗೆ ಕುಡಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು, ಸೊಪ್ಪು ಬಾಡಿಸಿಕೊಳ್ಳುತ್ತೇನೆ. ಆರಿದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಕಡೆದ ಮಜ್ಜಿಗೆಗೆ ಬೆರೆಸುತ್ತೇನೆ. ಮತ್ತೆ ಒಲೆ ಮೇಲೆ ಇಡುವುದಿಲ್ಲ. ಕುದಿಸಿದರೆ ಮಜ್ಜಿಗೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಶರದೃತುವಿನಲ್ಲಿ ಪಿತ್ತ ಕೆರಳುತ್ತದೆ, ಗಟ್ಟಿ ಮೊಸರು ಬೇಡ ಅಂತ ಆಯುರ್ವೇದ ಹೇಳುತ್ತದೆ. ಅದನ್ನೂ ಪಾಲಿಸುತ್ತೇನೆ. ಬೆಣ್ಣೆ ತೆಗೆದ ತೆಳು ಮಜ್ಜಿಗೆ, ಅದೂ ಹುಳಿ ಬಂದಿರಬಾರದು, ಮಧ್ಯಾಹ್ನದ ಊಟಕ್ಕೆ ಮಾತ್ರ.

ಇನ್ನು ಸೊಪ್ಪು ಕೊಯ್ಯುವ ವಿಷಯ. ಗುರುತು ಗೊತ್ತಿಲ್ಲದ ಕುಡಿ ಮುಟ್ಟಬೇಡಿ, ತಿಳಿದವರ ಜೊತೆ ಹೋಗಿ. ತೋಟಕ್ಕೆ ಔಷಧಿ ಹೊಡೆದ ಜಾಗವೂ ಬೇಡ. ಪೇಟೆಯಲ್ಲಿ ಇರುವವರು ಸಂತೆಯಲ್ಲಿ ಸಿಗುವ ಹರಿವೆ, ಬಸಳೆ, ಮೆಂತ್ಯ, ನುಗ್ಗೆ ಸೇರಿಸಿ ಬೆರಕೆ ಸೊಪ್ಪಿನ ಸಾರು ಮಾಡಬಹುದು. ನನ್ನ ತವರು ಹಾಸನ. ಅಲ್ಲಿ ಹೀಗೇ ಬಸ್ಸಾರು ಮಾಡಿ ರಾಗಿಮುದ್ದೆ ಜೊತೆ ಉಣ್ಣುತ್ತಾರೆ. ನಾರಿಗೆ ಅದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ.

ತರಕಾರಿಯಲ್ಲಿ ಹೀರೆಕಾಯಿ, ಹಾಗಲಕಾಯಿ, ಬಾಳೆದಿಂಡು, ಬಾಳೆಕಾಯಿ. ಹೀರೆಯ ಸಿಪ್ಪೆ ಎಸೆಯದೆ ಚಟ್ನಿ ಮಾಡುತ್ತೇನೆ. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಲ್ಲಿ ಅರಗದೆ ಮುಂದೆ ಹೋಗುತ್ತದೆ. ಅದೂ ಆ ಸೂಕ್ಷ್ಮಜೀವಿಗಳಿಗೇ ಸಲ್ಲುತ್ತದೆ. ದೀಪಾವಳಿಗೆ ಸಿಹಿ ಬೇಡ ಅನ್ನುವವಳಲ್ಲ ನಾನು. ಕರಿದದ್ದರ ಬದಲು ಬಾಳೆಎಲೆಯಲ್ಲಿ ಬೇಯಿಸಿದ ಚೀನಿಕಾಯಿ (ಸಿಹಿಗುಂಬಳ) ಕಡುಬು ಜಾಸ್ತಿ ಮಾಡುತ್ತೇನೆ, ಅಷ್ಟೇ. ಚೀನಿಕಾಯಿಯ ಹಳದಿ ಬಣ್ಣ ದೇಹದಲ್ಲಿ ಎ ವಿಟಮಿನ್ ಆಗುತ್ತದೆ. ಮೂಗು, ಗಂಟಲು, ಕರುಳಿನ ಒಳಪದರ ಗಟ್ಟಿಯಾಗಿರಲು ಅದು ಬೇಕು. ಜಿಡ್ಡಿನ ಜೊತೆ ಮಾತ್ರ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ಕಡುಬಿಗೆ ತುಪ್ಪ ಹಾಕಿಕೊಂಡು ತಿನ್ನಿ, ಧೈರ್ಯವಾಗಿ.

ಒಂದು ಎಚ್ಚರ. ನಾರನ್ನು ಒಮ್ಮೆಲೇ ಜಾಸ್ತಿ ಮಾಡಿದರೆ ಗ್ಯಾಸ್ ತುಂಬುತ್ತದೆ. ಮೊದಲ ವಾರ ದಿನಕ್ಕೆ ಒಂದು ಪಲ್ಯ ಸಾಕು, ಆಮೇಲೆ ಏರಿಸಿ. ಕಾಳುಗಳನ್ನು ರಾತ್ರಿಯೇ ನೆನೆಸಿ ಆ ನೀರು ಚೆಲ್ಲಿ. ಮಳೆ ಬಿಟ್ಟ ಹೊಸದರಲ್ಲಿ ಬಾವಿ ನೀರು ಕದಡಿರುತ್ತದೆ. ಕುದಿಸದೆ ಕುಡಿದರೆ ಯಾವ ತಂಬುಳಿಯೂ ಕಾಪಾಡುವುದಿಲ್ಲ. ನಾನು ಜೀರಿಗೆ ಹಾಕಿ ಕುದಿಸಿ ಇಟ್ಟುಕೊಳ್ಳುತ್ತೇನೆ.

ಇದನ್ನೆಲ್ಲ ಮಾಡಿದರೆ ನೆಗಡಿ ಜ್ವರ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತದೆ. ಆದರೆ ಹೊಟ್ಟೆ ಹಗುರವಾಗಿರುತ್ತದೆ, ಉಬ್ಬರ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಮಲದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಅಡುಗೆಮನೆ ಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಕಾರ್ತಿಕದಲ್ಲಿ ಬೆಟ್ಟದ ನೆಲ್ಲಿಕಾಯಿ ಬರಲು ಶುರುವಾಗುತ್ತದೆ. ಅದರಲ್ಲಿ ಸಿ ವಿಟಮಿನ್ ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಸಿಯದನ್ನು ಆಗಲೇ ಚಟ್ನಿಗೆ, ತಂಬುಳಿಗೆ ಹಾಕಿ ಮುಗಿಸುತ್ತೇನೆ. ಉಳಿದದ್ದನ್ನು ತೊಳೆದು, ಒರೆಸಿ, ಕುದಿಸಿ ಆರಿಸಿದ ಉಪ್ಪುನೀರು ಹಾಕಿ ಭರಣಿಯಲ್ಲಿ ಮುಳುಗಿಸಿಡುತ್ತೇನೆ. ಕಾಫಿ ಕೊಯ್ಲು ಶುರುವಾದರೆ ಸೊಪ್ಪು ಹುಡುಕಲು ಪುರುಸೊತ್ತು ಎಲ್ಲಿ? ಆಗ ಭರಣಿಯಿಂದ ಎರಡು ಉಪ್ಪುನೆಲ್ಲಿ ತೆಗೆದು, ಬೀಜ ಬಿಡಿಸಿ, ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ ಆಯಿತು. ಬೇರೆ ಉಪ್ಪು ಬೇಕಾಗುವುದಿಲ್ಲ.